ಯಮನಮ್ಮ ನ ಪಾಸ

ಸಾರಿಗೆ ಉಪ್ಪು ಜಾಸ್ತಿಯಾದ ದಿನ ದುರುಗಪ್ಪ ಮಾಸ್ತರರು ತಾಟು ದೂಡುವವರಲ್ಲ, ಬಯ್ಯುವವರೂ ಅಲ್ಲ. ಒಂದು ತುತ್ತು ನುಂಗಿ, ಮಗನ ಕಡೆ ತಿರುಗಿ, "ಇವತ್ತು ಉಪ್ಪಿನ ಪೇಪರಿನ್ಯಾಗ ನಿಮ್ಮವ್ವ ನಪಾಸ" ಅನ್ನುವರು. ಹಾಲು ಉಕ್ಕಿದರೆ ಹಾಲಿನ ಪೇಪರು, ಸಂತೆಯಿಂದ ತಂದ ಬದನೆಕಾಯಲ್ಲಿ ಹುಳ ಬಂದರೆ ಬದನೆಕಾಯಿ ಪೇಪರು. ಐವತ್ತು ವರ್ಷದಿಂದ ಈ ಮಾತು ಆ ಮನೆಯಲ್ಲಿ ನಡೆದಿತ್ತು. ಯಮನಮ್ಮ ಹುಡುಗಿಯಿದ್ದಾಗ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕೂತು ನಪಾಸಾದವಳೆಂಬುದು ಓಣಿಗೆಲ್ಲ ಗೊತ್ತಿತ್ತು. ಗೊತ್ತು ಮಾಡಿಸಿದವರು ಗಂಡನೇ. ಸೊಸೆ ಸುರೇಖಾ ಹೊಸದಾಗಿ ಬಂದಾಗ ಈ ಮಾತಿಗೆ ನಕ್ಕಿದ್ದಳು. ಯಮನಮ್ಮನೂ ಸೆರಗು ಬಾಯಿಗೆ ಹಿಡಿದು ನಗುವಳು. ನಗದಿದ್ದರೆ ಇನ್ನೊಂದು ಸಲ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

ಮನೆ ಮಸ್ಕಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ಮಾಸ್ತರರು ಮೂವತ್ತೈದು ವರ್ಷ ಪಾಠ ಹೇಳಿ, ಹೆಡ್ ಮಾಸ್ತರರಾಗಿ ನಿವೃತ್ತಿಯಾದವರು. ಗುಡ್ಡದ ಮೇಲಿನ ಅಶೋಕನ ಶಾಸನ ನೋಡಲು ಯಾರೇ ಬರಲಿ, ಜೊತೆಗೆ ಹತ್ತಿಹೋಗಿ, ಜಾಳಿಗೆಯ ಹೊರಗೆ ನಿಂತು ಒಂದೊಂದೇ ಬ್ರಾಹ್ಮಿ ಅಕ್ಷರ ಓದಿ ತೋರಿಸುವರು. ಕಲ್ಲು ಸವೆದಿದೆ, ನನ್ನ ಓದು ಸವೆದಿಲ್ಲ ಎಂದು ಕೊನೆಗೆ ಸೇರಿಸುವರು. ಮಗ ಗಂಗಾಧರ ಸಿಂಧನೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಎಂಟರ ಬಸ್ಸಿಗೆ ಹೋಗಿ ಏಳಕ್ಕೆ ಬರುವವನು. ಮೊಮ್ಮಗಳು ಪಂಪಾವತಿ ದಿನಾ ಲಿಂಗಸುಗೂರಿಗೆ ಹೋಗಿಬಂದು ಬಿ.ಎ. ಓದುತ್ತಿದ್ದಳು. ಹೆತ್ತವಳಿಗೆ ಅವ್ವ, ಅಜ್ಜಿಗೆ ಅಮ್ಮ ಅನ್ನುವಳು. ಸುರೇಖಾ ಅತಿಥಿ ಶಿಕ್ಷಕಿ. ಅವಳ ಶಾಲೆ ಸಂತೆಕಲ್ಲೂರಿನ ಆಚೆ, ಬಸ್ಸು ತಿರುಗಿಸಿಕೊಂಡು ಬರುವ ಕೊನೆಯ ಊರಲ್ಲಿ. ಯಮನಮ್ಮನ ತವರೂ ಅದೇ, ಮಾಸ್ತರರು ಹುಟ್ಟಿದ್ದೂ ಅಲ್ಲೇ. ಇಬ್ಬರೂ ಓದಿದ್ದು ಅದೇ ಶಾಲೆಯಲ್ಲಿ.

ಆ ಶಾಲೆಗೆ ಈ ವರ್ಷ ಎಪ್ಪತ್ತೈದು ತುಂಬಿತ್ತು. ಜನವರಿಯಲ್ಲಿ ಸಮಾರಂಭ, ಸ್ಮರಣ ಸಂಚಿಕೆ, ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನ. ಹೆಡ್ ಮಾಸ್ತರ ಶೇಕ್ಷಾವಲಿ ಸರ್ ಹಳೆಯ ದಾಖಲೆಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಹೆಸರು ಪಟ್ಟಿ ಮಾಡುವ ಕೆಲಸ ಸುರೇಖಾಗೆ ಒಪ್ಪಿಸಿದರು. ಅವಳು ಗೋಣಿಚೀಲದಲ್ಲಿ ನಾಲ್ಕು ರಜಿಸ್ಟರು ತುಂಬಿಕೊಂಡು ಶನಿವಾರ ಮನೆಗೆ ತಂದಳು.

ಅದೇ ವಾರ ಸಿಂಧನೂರಿನ ದವಾಖಾನೆಯಲ್ಲಿ ಮಾಸ್ತರರ ಬಲಗಣ್ಣಿನ ಪೊರೆ ತೆಗೆದಿದ್ದರು. ಎಡಗಣ್ಣಿಗೆ ಮೊದಲೇ ಮಂಜು. ಎರಡು ತಿಂಗಳು ಓದುವಂತಿಲ್ಲ, ಹೊಗೆಗೆ ಕೂಡುವಂತಿಲ್ಲ, ಆಮೇಲೆ ಚಷ್ಮಾ ಎಂದು ಡಾಕ್ಟರು ಹೇಳಿ, ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಲು ಚೀಟಿ ಬರೆದುಕೊಟ್ಟರು. ಹನಿ ಹಾಕುವ ಕೆಲಸ ಯಮನಮ್ಮನದು.

ಭಾನುವಾರ ಮಧ್ಯಾಹ್ನ ಮಾಸ್ತರರು ಕರಿ ಕನ್ನಡಕ ಹಾಕಿಕೊಂಡು ಒಳಗೆ ಮಲಗಿದ್ದರು. ಪಡಸಾಲೆಯಲ್ಲಿ ಯಮನಮ್ಮ ಹಳೆ ಸೀರೆಯ ತುಂಡಿನಿಂದ ರಜಿಸ್ಟರುಗಳ ಧೂಳು ಒರೆಸುತ್ತಿದ್ದಳು. ಒಂದರ ಮೇಲೆ 'ಏಳನೆಯ ತರಗತಿ ಪಬ್ಲಿಕ್ ಪರೀಕ್ಷೆ, 1974' ಎಂದಿತ್ತು. ತನ್ನ ಹೆಸರಿನ ಮುಂದೆ ಯಾವ ವಿಷಯದಲ್ಲಿ ಎಷ್ಟು ಕಮ್ಮಿ ಬಿದ್ದಿತ್ತೆಂದು ನೋಡುವ ಆಸೆಯಾಯಿತು. ಗಣಿತವೇ ಇರಬೇಕು ಅಂದುಕೊಂಡಳು. ಹಾಳೆ ತಿರುಗಿಸಿ, ಬೆರಳು ಇಳಿಸುತ್ತ ಹೋಗಿ, ಒಂದು ಸಾಲಿನ ಮೇಲೆ ನಿಂತಳು. ಗಣಿತ ಎಂಬತ್ತೊಂದು.

ಸೊಸೆಯನ್ನು ಕರೆದಳು.

"ಸುರೇಖಾ, ಇದನ್ನ ಓದು."

ಸುರೇಖಾ ಓದಿದಳು. "ಯಮನಮ್ಮ ನ. ಆರುನೂರಕ್ಕ ನಾಕುನೂರಾ ಹನ್ನೆರಡು. ಪಾಸ. ಶಾಲೆಗೆ ಎರಡನೇ ಸ್ಥಾನ." ಮತ್ತೊಮ್ಮೆ ನೋಡಿ, "ಅತ್ತಿ, ಇದು ನೀವಲ್ಲೇನು?" ಎಂದಳು.

"ಆ ನ ಅಂದ್ರೇನು?"

"ನಿಮ್ಮಪ್ಪನ ಹೆಸರು ಅಲ್ಲೇನ್ರಿ. ನರಸಪ್ಪ. ಎಲ್ಲಾರ ಹೆಸರಿನ ಮುಂದೂ ಐತಿ ನೋಡ್ರಿ. ಹನುಮಂತ ರ, ಶಾಮೀದ ಹ."

ಯಮನಮ್ಮ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿದಳು. ಬಿಚ್ಚಿ ಮತ್ತೆ ಮಡಿಚಿದಳು. ಆಮೇಲೆ ಸೊಸೆಗೆ ಹೇಳಿದ್ದು ಇಷ್ಟು.

ಆ ವರ್ಷ ಆ ಶಾಲೆಯಿಂದ ಪರೀಕ್ಷೆಗೆ ಹೋದವರು ಹನ್ನೊಂದು ಮಂದಿ, ಅವರೊಳಗೆ ಹುಡುಗಿ ಅವಳೊಬ್ಬಳೇ. ಅವರ ಕೇರಿಯಿಂದ ಏಳನೆಯದು ಕಟ್ಟಿದ ಮೊದಲ ಹೆಣ್ಣುಮಗಳು. ಪರೀಕ್ಷೆಯ ಕೇಂದ್ರ ಲಿಂಗಸುಗೂರು. ಮೂರು ದಿನದ ರೊಟ್ಟಿ ಗಂಟು ಕಟ್ಟಿಕೊಂಡು, ಮಾಸ್ತರರೊಬ್ಬರ ಬೆನ್ನುಹತ್ತಿ ಹೋಗಿ, ಅಲ್ಲಿನ ಶಾಲೆಯ ಪಡಸಾಲೆಯಲ್ಲಿ ಮಲಗಿ ಬರೆದು ಬಂದಿದ್ದರು. ಒಂದು ವಿಷಯದಲ್ಲಿ ಮೂವತ್ತೈದಕ್ಕೆ ಒಂದು ಕಮ್ಮಿ ಬಿದ್ದರೂ ಇಡೀ ಪರೀಕ್ಷೆ ಹೋದಂತೆ. ಅವಳಪ್ಪ ನರಸಪ್ಪ ಅಕ್ಷರ ಬಾರದವನು, ಆದರೆ ಮಾತಿನವನು. ಪಾಸಾದರೆ ಲಿಂಗಸುಗೂರಿನ ಸರ್ಕಾರಿ ಹಾಸ್ಟೆಲಿಗೆ ಬಿಡುತ್ತೇನೆ, ನಪಾಸಾದರೆ ಅಕ್ಕನ ಮನೆಗೆ ಸೊಸೆ ಮಾಡುತ್ತೇನೆ ಎಂದು ಪಂಚರ ಮುಂದೆ ಹೇಳಿದ್ದ. ಅಕ್ಕನ ಮಗನಿಗೆ, ಅಂದರೆ ಮುಂದೆ ಇವಳ ಗಂಡನಾದವನಿಗೆ, ಆಗ ಹತ್ತೊಂಬತ್ತು, ಎಸ್ಸೆಸ್ಸೆಲ್ಸಿ ಮುಗಿಸಿ ಕೂತಿದ್ದ. ಲಿಂಗಸುಗೂರಿನ ಗೋಡೆಗೆ ಹಚ್ಚಿದ ಫಲಿತಾಂಶ ನೋಡಿಬರಲು ಅವನನ್ನೇ ಕಳಿಸಿದರು. ಅವನು ಹನ್ನೊಂದು ಹೆಸರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು, ಕಟ್ಟೆಯ ಮೇಲೆ ನಿಂತು ಓದಿದ.

"ನಾನೂ ಚೀಟಿ ಇಸಕೊಂಡು ನೋಡೀನಿ" ಎಂದಳು ಯಮನಮ್ಮ. "ಯಮನಮ್ಮ ನಪಾಸ ಅಂತ ಕೂಡಿಸಿ ಬರದಿತ್ತು. ನನ್ನ ಕಣ್ಣಿಂದ ನಾನ ಓದೀನಿ."

"ಮತ್ತ ನಿಮ್ಮ ಮಾಸ್ತರರು ಯಾರೂ ಹೇಳ್ಲಿಲ್ಲೇನು?"

ಅವರಿಗೆ ಆ ಬೇಸಿಗೆಯಲ್ಲೇ ವರ್ಗವಾಗಿತ್ತು. ಹೊಸ ಮಾಸ್ತರ ಬರುವಷ್ಟರಲ್ಲಿ ಇವಳ ಕೊರಳಲ್ಲಿ ತಾಳಿ ಇತ್ತು. ನಪಾಸಾದವಳು ಶಾಲೆಯ ಕಡೆ ಯಾವ ಮುಖ ಹೊತ್ತು ಹೋಗಬೇಕು.

ಅವಸರದಲ್ಲಿ ಜಾಗ ಬಿಡದೆ ಬರೆದಿರಬಹುದು, ಮಾವನವರಿಗೂ ಗೊತ್ತಾಗಿರಲಿಕ್ಕಿಲ್ಲ ಎಂದು ಸುರೇಖಾ ಸಮಾಧಾನ ಹೇಳಿದಳು.

"ಹತ್ತು ಹೆಸರಿಗೆ ಜಾಗ ಬಿಟ್ಟಿದ್ರು" ಎಂದಳು ಯಮನಮ್ಮ. "ಆ ಚೀಟಿ ನನಗ ಇನ್ನೂ ಕಣ್ಣಿಗೆ ಕಟ್ಟೈತಿ."

ಒಳಗಿನಿಂದ ಮಾಸ್ತರರು ಹನಿ ಹಾಕುವ ಹೊತ್ತಾಯಿತೆಂದು ಕೂಗಿದರು. ಅವಳು ಎದ್ದು ಹೋಗಿ, ರೆಪ್ಪೆ ಎತ್ತಿ, ಎರಡು ಹನಿ ಹಾಕಿ ಬಂದಳು.

ಅವತ್ತು ಸಂಜೆ ಮಾಸ್ತರರು ಬೇಗ ಉಂಡು ಕಟ್ಟೆಗೆ ಹೋದ ಮೇಲೆ ಗಂಗಾಧರನಿಗೆ ವಿಷಯ ಹೇಳಿದ್ದು ಸುರೇಖಾ. ಅವನು ರೊಟ್ಟಿ ಮುರಿಯುತ್ತಲೇ ಕೇಳಿದ. ಅಪ್ಪನ ಕಣ್ಣು ಮಾಯುವತನಕ ಸುಮ್ಮನಿರಿ, ಐವತ್ತು ವರ್ಷದ ಹಿಂದಿನ ಮಾತು ಎತ್ತಿ ಯಾರಿಗೆ ಏನು ಬರುತ್ತದೆ ಎಂದ. ಆ ಕಾಲದ ಪರೀಕ್ಷೆಯೇ ಹಾಗಿತ್ತು, ಈಗಿನಂತೆ ಎಲ್ಲರನ್ನೂ ಮುಂದೆ ದೂಡುತ್ತಿರಲಿಲ್ಲ, ಎಷ್ಟು ಮಂದಿ ಹಾಗೆ ಹಿಂದೆ ಉಳಿದಿಲ್ಲ ಎಂದ. ಹಿಂದೆ ಉಳಿದವರು ಬೇರೆ, ಹಿಂದಕ್ಕೆ ಎಳೆಸಿಕೊಂಡವರು ಬೇರೆ ಎಂದು ಸುರೇಖಾ ಚುಚ್ಚಿದಳು. ಅವನಿಗೆ ಸಿಟ್ಟು ಬಂತು.

"ಅವ್ವ, ಒಂದು ಮಾತು ಹೇಳು. ನೀ ಹಾಸ್ಟೆಲಿಗೆ ಹೋಗಿದ್ರ ನಾ ಎಲ್ಲಿರತಿದ್ದೆ?"

ಯಮನಮ್ಮ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ನೀ ಹುಟ್ಟಿದ್ದು ನನಗ ಖುಷಿ ಐತೆಪ್ಪ. ಅದು ಬ್ಯಾರೆ. ಉಣ್ಣು."

ಮಗ, ಸೊಸೆ, ಮೊಮ್ಮಗಳು ಮೂವರಿಗೂ ಅವಳು ಒಂದೇ ಮಾತು ಹೇಳಿ ಬಾಯಿ ಕಟ್ಟಿದಳು: ಅವರ ಕಿವಿಗೆ ಇದು ಬೀಳಬಾರದು. ಹೇಳುವುದಿದ್ದರೆ ನಾನು ಹೇಳುತ್ತೇನೆ.

ಮಾಸ್ತರರಿಗೆ ಮುಂಜಾನೆ ಚಹಾ ಇಲ್ಲದೆ ನಡೆಯುತ್ತಿತ್ತು, ಪೇಪರು ಇಲ್ಲದೆ ಇಲ್ಲ. ಮಗ, ಸೊಸೆ, ಮೊಮ್ಮಗಳು ಮೂವರೂ ಎಂಟರೊಳಗೆ ಮನೆ ಬಿಡುವವರು. ಎರಡು ದಿನ ಮಡಿಚಿದ ಪೇಪರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮೂರನೆಯ ದಿನ, ಓದಲು ಬಂದರೆ ನೀನೇ ಓದು, ಸುಳ್ಳೇ ಏಳು ವರ್ಷ ಶಾಲೆಯ ಕಸ ಹೊಡೆದೆಯಾ ಎಂದು ಹೆಂಡತಿಗೆ ಹೇಳಿದರು.

ಯಮನಮ್ಮ ಹೊಸ್ತಿಲ ಬಳಿ ಬೆಳಕಿಗೆ ಕೂತು ಓದಿದಳು. ಮೊದಲ ಎರಡು ದಿನ ಒತ್ತಕ್ಷರಕ್ಕೆ ತಡವರಿಸಿದಳು. ಪ್ರತಿ ತಡೆಗೂ ಅವರು "ನಪಾಸ" ಅಂದರು. ಐದನೆಯ ದಿನಕ್ಕೆ ಅವಳ ಓದು ಸಲೀಸಾಯಿತು. ಎಷ್ಟು ಸಲೀಸೆಂದರೆ ಅವರು ತಲೆಯೆತ್ತಿ, ಕಾಣದ ಕಣ್ಣಿಂದ ಅವಳು ಕೂತ ಕಡೆ ನೋಡಿದರು.

ಆರನೆಯ ದಿನ ಅವಳು ಪೇಪರಿನಲ್ಲಿ ಇಲ್ಲದ್ದನ್ನು ಓದಿದಳು.

ಮುದಗಲ್ಲಿನ ಸಿದ್ದರಾಮೇಶ ಎಂಬ ನಿವೃತ್ತ ಮಾಸ್ತರರಿಗೂ ದುರುಗಪ್ಪನವರಿಗೂ ಮೂವತ್ತು ವರ್ಷದ ತಂಟೆ. ಬಡ್ತಿಯಲ್ಲಿ ಮುದಗಲ್ಲಿನವರು ಆರು ತಿಂಗಳು ಮುಂದಾಗಿದ್ದರು, ಅಷ್ಟೇ ಕಾರಣ. ಆ ಸಿದ್ದರಾಮೇಶರಿಗೆ ಸರ್ಕಾರ ದೊಡ್ಡ ಪ್ರಶಸ್ತಿ ಕೊಟ್ಟಿದೆ, ಫೋಟೊ ಹಾಕಿದ್ದಾರೆ, ಪೇಟ ಸುತ್ತಿಕೊಂಡಿದ್ದಾರೆ ಎಂದು ಯಮನಮ್ಮ ಓದಿದಳು. ಪೇಟದ ಬಣ್ಣವನ್ನೂ ಓದಿದಳು. ಮಾಸ್ತರರು ಅವತ್ತು ಮಧ್ಯಾಹ್ನ ಅರ್ಧ ರೊಟ್ಟಿ ಬಿಟ್ಟರು. ಸಂಜೆಗೆ ಮನಸ್ಸು ಗಟ್ಟಿ ಮಾಡಿಕೊಂಡು, ದೊಡ್ಡವರಾಗಬೇಕೆಂದು ಫೋನು ಹಚ್ಚಿಸಿ ಅಭಿನಂದನೆ ಹೇಳಿದರು. ಆ ಕಡೆಯವರು ಇದು ಕುಚೋದ್ಯವೆಂದು ತಿಳಿದು, ವಯಸ್ಸಿಗೆ ತಕ್ಕಂತೆ ಇರಬೇಕೆಂದು ಬಯ್ದು ಇಟ್ಟರು. ಗೆದ್ದವನಿಗೆ ಸೊಕ್ಕು ನೋಡು ಎಂದರು ಮಾಸ್ತರರು. ಯಮನಮ್ಮ ಹೌದೆಂದಳು.

ಮುಂದಿನ ವಾರ ಇನ್ನೊಂದು. ಹಳೆಯ ಕಾಲದ ಮಾಸ್ತರರ ಓದು ಸರಿಯಿತ್ತೋ ಇಲ್ಲವೋ ನೋಡಲು ನಿವೃತ್ತರಿಗೆಲ್ಲ ಏಳನೆಯ ತರಗತಿಯ ಪರೀಕ್ಷೆ ಮಾಡುತ್ತಾರೆ, ಕೇಂದ್ರ ಲಿಂಗಸುಗೂರು, ನಪಾಸಾದವರ ಪಿಂಚಣಿ ಅರ್ಧ. ಸರ್ಕಾರ ಏನು ಬೇಕಾದರೂ ಮಾಡುತ್ತದೆಂಬ ನಂಬಿಕೆ ಮಾಸ್ತರರಿಗೆ ಮೊದಲಿನಿಂದ ಇತ್ತು. ಐದನೆಯದಕ್ಕೆ ಪಬ್ಲಿಕ್ ಎಂದರು, ಬೇಡ ಎಂದರು, ಮತ್ತೆ ಎಂಟನೆಯದಕ್ಕೆ ಎಂದರು. ಇದೂ ಯಾಕಾಗಬಾರದು. ಆ ದಿನ ಅವರು ಕೋಲೂರಿಕೊಂಡು ಜಿಲಾನಿಸಾಬನ ಚಹಾದಂಗಡಿಗೆ ಹೋಗಿ ನಾಲ್ಕು ಮಂದಿಗೆ ಸುದ್ದಿ ಹೇಳಿದರು. ನಾಲ್ವರೂ ಪೇಪರು ಓದಿದವರು.

"ಯಾವ ಪೇಪರಿನ್ಯಾಗ ಐತ್ರಿ ಸರ?" ಎಂದ ಜಿಲಾನಿಸಾಬ್, ಚಹಾ ಸೋಸುತ್ತ.

ಮೂರನೆಯ ಪುಟ, ಎಡಗಡೆ, ಎಂದರು ಮಾಸ್ತರರು. ನಾಲ್ವರೂ ಅವರ ಎದುರಿಗೆ ಪೇಪರು ಬಿಡಿಸಿ ನೋಡಿ, ಓದಿದ್ದು ತಪ್ಪಾಗಿದೆ ಎಂದು ಅವರ ಎದುರಿಗೇ ನಕ್ಕರು. ಮನೆಗೆ ಬಂದ ಮಾಸ್ತರರು ನೀರು ಕೇಳಿ ಕುಡಿದು, ಅಂಗಡಿಯವರ ಪೇಪರು ಬೇರೆ ಊರಿನ ಆವೃತ್ತಿ, ನಮ್ಮದರಲ್ಲಿ ಇದೆ ಎಂದು ತಾವೇ ಸಮಾಧಾನ ಹೇಳಿಕೊಂಡರು. ಮರುದಿನದಿಂದ ಕಟ್ಟೆಯ ಮೇಲೆ ಕೂತು ಹತ್ತೊಂಬತ್ತರ ಮಗ್ಗಿ, ಉತ್ತರದ ನದಿ, ದಕ್ಷಿಣದ ನದಿ ಬಾಯಿಪಾಠ ಮಾಡತೊಡಗಿದರು. ಓಣಿಯವರು ನಿಂತು ಕೇಳಿ ಹೋದರು. ತಾತನ ತಲೆಗೆ ಏನೋ ಆಗಿದೆ ಎಂದು ಗಂಗಾಧರನಿಗೆ ಬಸ್ಸಿನಲ್ಲೇ ಯಾರೋ ಹೇಳಿದರು. ಅವನು ರಾಯಚೂರಿನ ದೊಡ್ಡ ಡಾಕ್ಟರ ವಿಳಾಸ ಕೇಳಿ ಬರೆದುಕೊಂಡು ಬಂದ.

ಔಷಧಿ ಚೀಟಿಯನ್ನು ಮಾತ್ರ ಯಮನಮ್ಮ ಒಂದಕ್ಷರ ತಪ್ಪದೆ ಓದುತ್ತಿದ್ದಳು. ಹನಿ ಹಾಕಲು ಒಂದು ಹೊತ್ತೂ ತಡ ಮಾಡಲಿಲ್ಲ.

ಕಂಡುಹಿಡಿದವಳು ಪಂಪಾವತಿ. ರಜೆಯ ದಿನ, ತಾತ ಹೇಳಿದ ಮೂರನೆಯ ಪುಟ ತೆಗೆದು ನೋಡಿ, ಒಲೆಯ ಮುಂದೆ ಬಂದು ಕೂತಳು. ಯಮನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಅಮ್ಮ, ನೀ ಸುಳ್ಳು ಓದಾಕತ್ತಿ."

"ಹೂಂ."

"ಅಪ್ಪ ತಾತನ್ನ ಹುಚ್ಚರ ಡಾಕ್ಟರ ಹಂತ್ಯಾಕ ಕರಕೊಂಡು ಹೊಂಟಾನ. ಗೊತ್ತೈತಿಲ್ಲೋ?"

ಯಮನಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಸಣ್ಣವಳಿದ್ದಾಗ ಹೇಳುತ್ತಿದ್ದ ರಾಕ್ಷಸನ ಕಥೆ ನೆನಪಿದೆಯೇ ಎಂದು ಕೇಳಿದಳು. ನೆನಪಿಲ್ಲದೆ ಏನು. ರಾಜಕುಮಾರ ಕೈ ಕಡಿದರೆ ಕೈ ಬೆಳೆಯುತ್ತಿತ್ತು, ತಲೆ ಕಡಿದರೆ ತಲೆ. ಯಾಕೆಂದರೆ ಜೀವ ಅವನ ಮೈಯಲ್ಲಿ ಇರಲಿಲ್ಲ, ಏಳು ಸಮುದ್ರದ ಆಚೆ ಗಿಣಿಯ ಎದೆಯಲ್ಲಿ ಇತ್ತು.

"ನಾ ಇಷ್ಟು ದಿನ ಬರೇ ಕೈ ಕಡದೀನಿ" ಎಂದಳು ಯಮನಮ್ಮ. "ಗಿಣಿ ಎಲ್ಲೈತಿ ಅಂತ ಈಗ ತಿಳೀತು."

"ಎಲ್ಲೈತಿ?"

"ಚಹಾದಂಗಡ್ಯಾಗ ಎಲ್ಲಾರೂ ನಕ್ಕಾಗ ಅವರಿಗೆ ಬ್ಯಾಸರಾಗಿದ್ದು ನಕ್ಕಿದ್ದಕ್ಕಲ್ಲ. ಓದಿದ್ದು ತಪ್ಪು ಅಂದ್ರಂತ."

ಪಂಪಾವತಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನೇರವಾಗಿ ಕೇಳಿಬಿಡು, ಯಾಕೆ ಹಾಗೆ ಮಾಡಿದಿರಿ ಎಂದು ಮುಖದ ಮೇಲೆ ಕೇಳು ಎಂದಳು. ಕೇಳಿದರೆ ತಪ್ಪಾಗಿತ್ತು ಅಂದುಬಿಡುತ್ತಾರೆ, ಹುಡುಗ ಇದ್ದೆ, ತಿಳಿಯಲಿಲ್ಲ ಅಂದುಬಿಡುತ್ತಾರೆ, ಆಮೇಲೆ ನಾನು ಏನು ಮಾಡಲಿ ಎಂದು ಯಮನಮ್ಮ ಕೇಳಿದಳು. ಅವಳಿಗೆ ಬೇಕಾಗಿದ್ದು ಒಂದೇ. ಬೇಕೆಂತಲೇ ಮಾಡಿದೆ ಎಂಬ ಮಾತು. ಅದು ಅವರ ಬಾಯಿಂದಲೇ ಬರಬೇಕು, ಅದೂ ಅವಳನ್ನು ನಪಾಸ ಮಾಡಿದ ಊರಲ್ಲಿ, ನಾಲ್ಕು ಮಂದಿಯ ಮುಂದೆ.

ಮರುದಿನದಿಂದ ಪೇಪರಿನಲ್ಲಿ ಇದ್ದದ್ದನ್ನೇ ಓದಿದಳು. ಆ ಪರೀಕ್ಷೆ ರದ್ದಾಯಿತಂತೆ ಎಂದು ಒಂದು ಸಾಲು ಮಾತ್ರ ಸೇರಿಸಿದಳು. ಮಾಸ್ತರರು ಮಗ್ಗಿ ನಿಲ್ಲಿಸಿದರು. ಗಂಗಾಧರ ವಿಳಾಸದ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡ.

ಡಿಸೆಂಬರ್ ಕೊನೆಗೆ ಆಮಂತ್ರಣ ಬಂತು. ಸನ್ಮಾನಿತರ ಪಟ್ಟಿಯಲ್ಲಿ ದುರುಗಪ್ಪ ಮಾಸ್ತರರ ಹೆಸರು ಮೊದಲು. ಸನ್ಮಾನಿತರು ಶಾಲೆಯ ನೆನಪನ್ನು ಒಂದು ಪುಟದಲ್ಲಿ ಬರೆದು ಸಹಿ ಮಾಡಿ ಕಳಿಸಬೇಕು, ಶಾಲು ಹೊದಿಸುವ ಮೊದಲು ಅದನ್ನು ವೇದಿಕೆಯಲ್ಲಿ ಓದಲಾಗುವುದು ಎಂದಿತ್ತು. ಮಾಸ್ತರರು ಪಂಪಾವತಿಯ ಕೈಲಿ ಬರೆಸಬೇಕೆಂದಿದ್ದರು. ಅವಳಿಗೆ ಪರೀಕ್ಷೆ ನಡೆದಿತ್ತು, ಸುರೇಖಾಗೆ ಸಮಾರಂಭದ ಓಡಾಟ. ದಿನ ಕಳೆದು ಕೊನೆಗೆ ಯಮನಮ್ಮನೇ ಹಾಳೆ, ಪೆನ್ನು ಹಿಡಿದು ಮಣೆಯ ಮುಂದೆ ಕೂತಳು.

ಮಾಸ್ತರರು ಹೇಳಿದರು, ಅವಳು ಬರೆದಳು. ಒಂದೇ ಪಡಸಾಲೆಯಲ್ಲಿ ನಾಲ್ಕು ತರಗತಿ ನಡೆಯುತ್ತಿದ್ದದ್ದು, ಮಳೆ ಬಂದರೆ ಹನುಮಪ್ಪನ ಗುಡಿಗೆ ಓಡುತ್ತಿದ್ದದ್ದು, ಬಳಪ ಸಾಲದೆ ಸುಣ್ಣದ ಹೆಂಟೆಯಿಂದ ಬರೆದದ್ದು. ಹೇಳುತ್ತ ಹೇಳುತ್ತ ಅವರ ದನಿ ಮೆತ್ತಗಾಯಿತು. ಎಷ್ಟಾಯಿತು ಎಂದು ಕೇಳಿದರು. ಮುಕ್ಕಾಲು ಪುಟ ಎಂದಳು. ಸಾಕು, ವಂದನೆಗಳು ಅಂತ ಬರಿ ಎಂದರು. ಅವಳು ತಕ್ಷಣ ಬರೆಯುವುದನ್ನು ನಿಲ್ಲಿಸಲಿಲ್ಲ.

"ವಂದನೆಗಳು ಬರಿಯಾಕ ಇಷ್ಟೊತ್ತೇನು?"

"ಸೊನ್ನಿ ಬ್ಯಾರೆ ಐತಲ್ರಿ. ಜ್ವಾಕಿಲೆ ಬರೀಬೇಕು."

ಓದಿ ಹೇಳು ಎಂದರು. ಅವರು ಹೇಳಿದ್ದಷ್ಟನ್ನೇ ಓದಿದಳು. ಒಪ್ಪಿಗೆಯಾಯಿತು. ಅವರ ಬೆರಳು ಹಿಡಿದು ಹಾಳೆಯ ಕೆಳಗಿನ ತುದಿಗೆ ಇಟ್ಟಳು. ಅವರು ಅಂದಾಜಿನ ಮೇಲೆ, ಆದರೂ ಬಲು ಅಂದವಾಗಿ, ಸಹಿ ಮಾಡಿದರು. ಲಕೋಟೆಗೆ ಅಂಟು ಹಚ್ಚಿ ಸೊಸೆಯ ಚೀಲದಲ್ಲಿ ಹಾಕಿದಳು.

ಸಮಾರಂಭ ಭಾನುವಾರ. ಶಾಲೆಯ ಬಯಲಿಗೆ ಶಾಮಿಯಾನ ಹೊಡೆದಿದ್ದರು. ಊರಿನವರೆಲ್ಲ ಬಂದಿದ್ದರು. ಸಂತೆಕಲ್ಲೂರು, ದಢೇಸುಗೂರಿನಿಂದಲೂ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಯಮನಮ್ಮ ಹೆಂಗಸರ ಸಾಲಿನಲ್ಲಿ, ಬಾಲ್ಯದ ಗೆಳತಿ ಜಮೀಲಾಬೀಯ ಪಕ್ಕ ಕೂತಳು. ಜಮೀಲಾಬೀ ನಾಲ್ಕನೆಯದಕ್ಕೇ ಶಾಲೆ ಬಿಟ್ಟವಳು. ನಿನ್ನ ಗಂಡ ಕರಿ ಕನ್ನಡಕದಲ್ಲಿ ಸಿನಿಮಾದವರ ಹಾಗೆ ಕಾಣುತ್ತಾನೆ ಎಂದು ಚೇಷ್ಟೆ ಮಾಡಿದಳು. ವೇದಿಕೆಯ ಮೇಲೆ ಆರು ಖುರ್ಚಿ, ಮೊದಲನೆಯದರಲ್ಲಿ ಮಾಸ್ತರರು.

ಶೇಕ್ಷಾವಲಿ ಸರ್ ಲಕೋಟೆ ಒಡೆದು ಮೈಕಿನ ಮುಂದೆ ಓದತೊಡಗಿದರು. ಸುಣ್ಣದ ಹೆಂಟೆಯ ಮಾತಿಗೆ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ಮುಂದಿನದನ್ನು ನಿಧಾನ ಓದಿದರು.

"ಇದೇ ಶಾಲೆಯ 1974ನೆಯ ಇಸವಿಯ ಫಲಿತಾಂಶ ನೋಡಿಬರಲು ಲಿಂಗಸುಗೂರಿಗೆ ಹೋದವನು ನಾನು. ನನ್ನ ಸೋದರಮಾವ ನರಸಪ್ಪನವರ ಮಗಳು ಯಮನಮ್ಮ ನಾಲ್ಕುನೂರ ಹನ್ನೆರಡು ಅಂಕ ಪಡೆದು ಪಾಸಾಗಿದ್ದಳು. ನನಗೆ ಆಗ ಸರಿಯಾಗಿ ಓದಲು ಬರುತ್ತಿರಲಿಲ್ಲವಾದ್ದರಿಂದ, ಅವಳ ತಂದೆಯ ಹೆಸರಿನ ನ ಅಕ್ಷರವನ್ನು ಪಾಸಿಗೆ ಸೇರಿಸಿ ನಪಾಸ ಎಂದು ಓದಿದೆ. ನನ್ನ ಓದಿನ ದೋಷವನ್ನು ಊರವರು ಮನ್ನಿಸಬೇಕು. ವಂದನೆಗಳು."

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ಜಮೀಲಾಬೀ ಯಮನಮ್ಮನ ಮೊಣಕೈ ಹಿಡಿದಳು. ಮಾಸ್ತರರು ಖುರ್ಚಿ ಬಿಟ್ಟು ಎದ್ದಿದ್ದರು. ಅವರ ಮುಖ ಹೆಂಗಸರ ಸಾಲಿನ ಕಡೆ ತಿರುಗಿತು, ಏನೂ ಕಾಣದೆ ಮತ್ತೆ ಮೈಕಿನ ಕಡೆ ತಿರುಗಿತು.

ಶೇಕ್ಷಾವಲಿ ಸರ್ ಒಳ್ಳೆಯ ಮನುಷ್ಯ. ಅವರ ಕೈ ಹಿಡಿದು, "ಇರಲಿ ಬಿಡ್ರಿ ಸರ. ಸಣ್ಣ ವಯಸ್ಸು. ಓದೂದ್ರಾಗ ತಪ್ಪು ಯಾರಿಗಿ ಆಗಂಗಿಲ್ಲ" ಎಂದರು. ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು.

"ಯಾರಿಗೆ ತಪ್ಪಾಗೈತಿ?" ಎಂದರು ಮಾಸ್ತರರು.

"ಅಲ್ರಿ, ನೀವ ಬರದೀರಿ—"

"ನನಗ ಓದಾಕ ಬರತಿದ್ದಿಲ್ಲೇನು? ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ನಾನು." ಅವರ ದನಿ ಪಾಠದ ದನಿಯಾಯಿತು. "ಗ್ವಾಡಿ ಮ್ಯಾಲಿಂದು ಬರೋಬ್ಬರಿ ಓದೀನಿ. ನ ಬ್ಯಾರೆ, ಪಾಸ ಬ್ಯಾರೆ. ನಿಂತಲ್ಲೇ ತಿಳಕೊಂಡೀನಿ. ಚೀಟ್ಯಾಗ ಕೂಡಿಸಿ ಬರದಾಂವ ನಾನು. ಕೂಡಿಸಬೇಕಂತ ಕೂಡಿಸೀನಿ. ನನ್ನ ಓದಿನ್ಯಾಗ ತಪ್ಪಿಲ್ಲ."

ಹಿಂದಿನ ಸಾಲಿನಲ್ಲಿ ಕೂಸೊಂದು ಅತ್ತಿತು, ಅದರ ತಾಯಿ ಮೊಲೆಗೆ ಹಾಕಿಕೊಂಡಳು. ತಾವು ಏನು ಹೇಳಿದೆವೆಂದು ಮಾಸ್ತರರಿಗೆ ತಿಳಿಯಲು ಆ ಅಳು ನಿಲ್ಲುವಷ್ಟು ಹೊತ್ತು ಹಿಡಿಯಿತು. ಖುರ್ಚಿಗಾಗಿ ಹಿಂದೆ ಕೈ ಆಡಿಸಿದರು. ಶೇಕ್ಷಾವಲಿ ಸರ್ ಖುರ್ಚಿಯನ್ನು ಅವರ ಕಾಲಿಗೆ ತಾಗಿಸಿಕೊಟ್ಟರು. ಶಾಲು ಹಿಡಿದು ನಿಂತಿದ್ದ ಪಂಚಾಯಿತಿ ಸದಸ್ಯ ಹೊದಿಸಬೇಕೋ ಬೇಡವೋ ತಿಳಿಯದೆ ಎರಡನೆಯ ಖುರ್ಚಿಯವರಿಗೆ ಹೊದಿಸಿದ.

"ನಲವತ್ತೆಂಟು, ಐವತ್ತು ವರ್ಷ ಆತೇನಲೇ?" ಎಂದು ಜಮೀಲಾಬೀ ಮೆಲ್ಲಗೆ ಕೇಳಿದಳು.

"ಐವತ್ತು" ಎಂದಳು ಯಮನಮ್ಮ. ಸೆರಗು ಸರಿಮಾಡಿಕೊಂಡು ಉಳಿದ ಐದು ಮಂದಿಯ ನೆನಪನ್ನೂ ಕೊನೆಯತನಕ ಕೂತು ಕೇಳಿದಳು.

ಮನೆಗೆ ಬಂದು, ಚಪ್ಪಲಿ ಬಿಡುತ್ತ ಗಂಗಾಧರ, ಬರೆದದ್ದು ನೀನೇ ಅಲ್ಲವೇ ಎಂದು ಅವ್ವನನ್ನು ಕೇಳಿದ. ನಾನೇ ಎಂದಳು. ಅವನು ಎಂಟು ದಿನ ಅವಳ ಕೈಯ ಡಬ್ಬಿ ಒಯ್ಯಲಿಲ್ಲ, ಸಿಂಧನೂರಿನ ಖಾನಾವಳಿಯಲ್ಲಿ ಉಂಡ. ಒಂಬತ್ತನೆಯ ದಿನ ಹೊಟ್ಟೆ ಕೆಟ್ಟು ಮಜ್ಜಿಗೆ ಅನ್ನ ಕೇಳಿದ. ಕಲಸಿ ಕೊಟ್ಟಳು.

ಮಾಸ್ತರರು ಮಾತಾಡಿದ್ದು ಸಮಾರಂಭದ ದಿನವೇ ಸಂಜೆ, ಅವಳು ಹನಿ ಹಾಕಲು ರೆಪ್ಪೆ ಎತ್ತಿದಾಗ.

"ನಿನ್ನ ಹಾಸ್ಟೆಲಿಗೆ ಕಳಿಸಿದ್ರ ನೀ ನನಗ ಸಿಗತಿದ್ದಿಲ್ಲ."

"ಸಿಗತಿದ್ದಿಲ್ಲ" ಎಂದಳು ಯಮನಮ್ಮ. ಎರಡು ಹನಿ ಹಾಕಿ, ಸೀಸೆಯ ಮುಚ್ಚಳ ತಿರುವಿದಳು.

ಇನ್ನೇನಾದರೂ ಹೇಳುತ್ತಾಳೆಂದು ಅವರು ಮುಖ ಎತ್ತಿಕೊಂಡೇ ಇದ್ದರು. ಅವಳು ಒಲೆಯ ಕಡೆ ಹೋದಳು.

ಚಷ್ಮಾ ಬಂತು. ಮಾಸ್ತರರು ಪೇಪರನ್ನು ತಾವೇ ಓದತೊಡಗಿದರು, ಬಾಯಿ ಬಿಡದೆ. ಗುಡ್ಡ ಹತ್ತುವುದನ್ನು ನಿಲ್ಲಿಸಿದರು. ಒಂದು ದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಪಂಪಾವತಿ ತುತ್ತು ಬಾಯಿಗಿಟ್ಟು ಮುಖ ಹಿಂಡಿದಳು. ತಾತ ತಲೆ ತಗ್ಗಿಸಿ, ನೀರು ಕುಡಿದು ಕುಡಿದು, ತಾಟು ಖಾಲಿ ಮಾಡಿದರು. ನಾಲ್ಕು ಮಂದಿಯೂ ಕಾದರು. ಅವರು ಕೈ ತೊಳೆಯಲು ಎದ್ದರು.

ಫೆಬ್ರವರಿಯ ಮೊದಲ ಸೋಮವಾರ ಯಮನಮ್ಮ ಇಳಕಲ್ ಸೀರೆ ಉಟ್ಟು, ಸೊಸೆಯ ಜೊತೆ ಎಂಟರ ಬಸ್ಸು ಹತ್ತಿದಳು. ಶೇಕ್ಷಾವಲಿ ಸರ್ ಎದ್ದು ನಿಂತು ಖುರ್ಚಿ ಕೊಟ್ಟರು. ಅವಳು ಬಂದ ಕಾರಣ ಹೇಳಿದಳು. ಪಾಸಾದವರಿಗೆ ಟಿ.ಸಿ. ಕೊಡುತ್ತಾರಲ್ಲ, ನನ್ನದು ಇಲ್ಲೇ ಉಳಿದಿದೆ.

ಈಗ ಅದರಿಂದ ಏನು ಉಪಯೋಗ ಎಂದು ಅವರು ಕೇಳಲಿಲ್ಲ. ಮೇಜಿನ ಖಾನೆಯಿಂದ ಟಿ.ಸಿ. ಪುಸ್ತಕ ತೆಗೆದು, ದಾಖಲಾತಿ ರಜಿಸ್ಟರು ಬಿಡಿಸಿ, ಕಾರ್ಬನ್ ಇಟ್ಟು ಬರೆಯತೊಡಗಿದರು. ಹೆಸರು. ತಂದೆಯ ಹೆಸರು. ಹುಟ್ಟಿದ ದಿನ ಜೂನ್ ಒಂದು, ಆ ತರಗತಿಯಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟಿದವರು. ಓದಿದ ತರಗತಿ ಏಳು, ತೇರ್ಗಡೆ. ನಡತೆ ಉತ್ತಮ. ಹಾಗೆ ಇಳಿಯುತ್ತ ಬಂದು ಪೆನ್ನು ಒಂದು ಕಡೆ ನಿಂತಿತು.

"ಶಾಲೆ ಬಿಡಲು ಕಾರಣ ಅಂತ ಐತ್ರಿ. ಇಲ್ಲಿ ನಾವು ಪಾಲಕರ ಇಚ್ಛೆ ಅಂತ ಬರೀತೀವಿ."

"ನಮ್ಮಪ್ಪನ ಇಚ್ಛಾ ಅದಾಗಿದ್ದಿಲ್ಲರಿ."

"ಹಂಗಾದ್ರ ಮದುವಿ ಅಂತ ಬರೀಲೇನು?"

"ಮದುವಿ ಆಮ್ಯಾಲ ಆತು."

"ಮತ್ತ ಏನಂತ ಬರೀಲಿ?"

"ದುರುಗಪ್ಪ" ಎಂದಳು ಯಮನಮ್ಮ.

ಬಾಗಿಲಲ್ಲಿ ನಿಂತಿದ್ದ ಸುರೇಖಾ ಬೆಚ್ಚಿ ಅತ್ತೆಯ ಬಾಯಿ ನೋಡಿದಳು. ಶೇಕ್ಷಾವಲಿ ಸರ್ ಪೆನ್ನು ಎತ್ತಿ ಹಿಡಿದು, ಅದು ಯಜಮಾನರ ಹೆಸರಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ" ಎಂದಳು. "ಬರೀರಿ."